ಒಂದೇ ಗಿಡದಿಂದ ಮಾಡಿದ ತೋಟ

ಕಳಸದ ಅಕ್ಕನ ಮನೆಗೆ ಹೋದಾಗಲೆಲ್ಲ ಅವಳ ಮಗಳ ಮುಂಗೈ ಕಡೆ ನನ್ನ ಕಣ್ಣು ಹೋಗುತ್ತದೆ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗು. ಮಂಗಳೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬಂದಾಗ ಅಲ್ಲೊಂದು ಪ್ಲಾಸ್ಟರ್ ಅಂಟಿರುತ್ತದೆ. ಕಳೆದ ವರ್ಷ ಬೆಂಗಳೂರಿನ ವೈದ್ಯರೊಬ್ಬರು ಅಕ್ಕ ಭಾವನಿಗೆ ಹೊಸ ದಾರಿ ಹೇಳಿದರು. ಲ್ಯಾಬಿನಲ್ಲಿ ಭ್ರೂಣಗಳನ್ನು ಬೆಳೆಸಿ, ಜೀನ್ ಪರೀಕ್ಷೆ ಮಾಡಿ, ಕಾಯಿಲೆ ಇಲ್ಲದ, ಈ ಮಗಳಿಗೆ ಹೊಂದುವ ಒಂದನ್ನು ಆರಿಸಿ ಗರ್ಭದಲ್ಲಿ ಇಡುವುದು. ಹುಟ್ಟುವ ಮಗುವಿನ ಅಸ್ಥಿಮಜ್ಜೆಯಿಂದ ದೊಡ್ಡವಳು ಗುಣವಾಗಬಹುದು.

"ನೀನು ಯೂನಿವರ್ಸಿಟೀಲಿ ಇದನ್ನೇ ಅಲ್ವ ಓದಿದ್ದು? ಮಾಡಿಸ್ಲಾ ಬೇಡ್ವಾ, ಹೇಳು" ಅಂದಳು ಅಕ್ಕ.

ನಾನು ಓದಿದ್ದು ಸಸ್ಯಶಾಸ್ತ್ರ. ಆದರೂ ಸುಮ್ಮನಿರಲಿಲ್ಲ. ಇವತ್ತು ಕಾಯಿಲೆ ನೋಡಿ ಆರಿಸುವವರು ನಾಳೆ ಬಣ್ಣ ನೋಡಿ ಆರಿಸುತ್ತಾರೆ, ನಾಡಿದ್ದು ಒಬ್ಬನದೇ ನಕಲು ತೆಗೆಯುತ್ತಾರೆ ಎಂದೆ. ಉದಾಹರಣೆಗೆ ಅಪ್ಪನ ತೋಟದ ಮಾತು ತೆಗೆದೆ.

ಗೋಣಿಬೀಡಿನ ನಮ್ಮ ತೋಟದಲ್ಲಿ ಗೊಂಚಲು ಗೊಂಚಲು ಕಾಯಿ ಬಿಡುವ ಒಂದು ರೊಬಸ್ಟಾ ಕಾಫಿ ಗಿಡವಿತ್ತು. ಅಪ್ಪ ಅದೊಂದರ, ಕಾಂಡದಿಂದ ನೇರ ಮೇಲೇಳುವ ಕಂಬಚಿಗುರಿನ ತುಂಡುಗಳಿಗೇ ಬೇರು ಬರಿಸಿ, ಕಣದ ಹಿಂದಿನ ಜಾಗವಿಡೀ ನೆಟ್ಟರು. ಹೂಮಳೆ ಬಿದ್ದಾಗ ಅಷ್ಟೂ ಹೂ ಬಿಟ್ಟು ಬೆಳ್ಳಗಾಯಿತು. ಕಾಯಿ ಕಚ್ಚಲಿಲ್ಲ. ರೊಬಸ್ಟಾಕ್ಕೆ ತನ್ನದೇ ಪರಾಗ ಆಗುವುದಿಲ್ಲ. ಅಲ್ಲಿದ್ದದ್ದೆಲ್ಲ ಒಂದೇ ಗಿಡ.

"ಒಂದು ಕಾಯೀನೂ ಇರ್ಲಿಲ್ಲ" ಎಂದೆ.

"ಯಾರು ಹೇಳಿದ್ದು? ಬೇಲಿ ಪಕ್ಕದ ಸಾಲು ಬಗ್ಗೋ ಹಾಗೆ ಕಚ್ಚಿತ್ತು. ಪಕ್ಕದವ್ರ ತೋಟದ ಗಾಳಿ ಬೀಳ್ತಿತ್ತಲ್ಲ. ನಾನೇ ಕೊಯ್ದಿದೀನಿ ಮಾರಾಯ. ನೀ ಆಗ ಹಾಸ್ಟೆಲಲ್ಲಿದ್ದೆ" ಅಂದಳು ಅಕ್ಕ.

ಆ ಬರಿಗಿಡಗಳು ನನಗೆ ಕಣ್ಣಿಗೆ ಕಟ್ಟಿದಂತಿವೆ. ಆದರೆ ಹಾಸ್ಟೆಲಿನಲ್ಲಿದ್ದವನು ನೋಡಿದ್ದು ಯಾವಾಗ? ತರಗತಿಯಲ್ಲಿ ಕೇಳಿದ ಪಾಠವನ್ನೇ ಅಪ್ಪನ ತೋಟದಲ್ಲಿ ನೆಟ್ಟುಕೊಂಡಿರಬಹುದು.

"ಮತ್ತೆ ಇದು ತುಂಡು ನೆಡೋದಲ್ಲ. ಅದೂ ನಮ್ಮ ಮಗೂನೇ" ಅಂದಳು.

ಅದು ಸರಿ. ಆರಿಸುವುದು ಬೇರೆ, ನಕಲು ತೆಗೆಯುವುದು ಬೇರೆ. ಹೆದರಿಸಲು ನಾನು ಎರಡನ್ನೂ ಬೆರೆಸಿದ್ದೆ. ಆದರೂ ಒಂದು ಅನುಮಾನ ಉಳಿಯಿತು. "ಒಂದ್ಸಲಕ್ಕೆ ಮಜ್ಜೆ ಹಿಡೀದಿದ್ರೆ? ಮತ್ತೆ ಮಜ್ಜೆ ತೆಗೆಯೋಕೆ ಚಿಕ್ಕದನ್ನೇ ಮಲಗಿಸ್ತೀರಾ? ಆ ಮಗೂನ ಯಾರು ಕೇಳ್ತಾರೆ?"

"ಗಿಡ ಹಸಿರಾಗಿದ್ರೂ ನಿಂಗೆ ಕಾಂಡ ಕೊರೆಯೋ ಬೋರರ್ ಹುಳಾನೇ ಕಾಣೋದು" ಎನ್ನುತ್ತ, ಪಕ್ಕದಲ್ಲೇ ಕೂತಿದ್ದ ಭಾವ ಒಣ ಹಾಕಿದ್ದ ಮೆಣಸು ಕೆದಕಿ ಹರಡಲು ಎದ್ದು ಹೋದರು.

ಅಕ್ಕ ನಗಲಿಲ್ಲ. "ನಾವು ದೊಡ್ಡವಳ ಮುಖ ನೋಡಿ ಎಲ್ಲದಕ್ಕೂ ಹೂಂ ಅಂತೀವಿ. ಅದು ನಂಗೂ ಗೊತ್ತು. ಚಿಕ್ಕದರ ಪರವಾಗಿ ಬೇಡ ಅನ್ನೋಕೆ ಒಬ್ರು ಬೇಕು. ನೀನೇ ಇರು. ಆದ್ರೆ ನಾನು ಮಾಡಿಸ್ತೀನಿ."

ಹಾಗಾಗಿ ಬೆಂಗಳೂರಿಗೆ ನಾನೂ ಹೋದೆ. ನನ್ನ ನೆನಪನ್ನು ನಂಬುವಂತಿಲ್ಲವಲ್ಲ, ಅಕ್ಕನಿಗೂ ಕೇಳಿಸಲಿ ಅಂತ, ಮಜ್ಜೆ ಹಿಡಿಯದಿದ್ದರೆ ಎಂಬ ಆ ಪ್ರಶ್ನೆಯನ್ನು ವೈದ್ಯರಿಗೆ ಗಟ್ಟಿಯಾಗಿ ಕೇಳಿದೆ. ಅವರು ನಕ್ಕು ಒಂದು ಮಾತು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ, ಅವರು ಹೇಳಿದ್ದೇನು ಎಂದು ಅಕ್ಕನನ್ನು ವಿಚಾರಿಸಿದೆ.

"'ಆಗ ನೋಡೋಣ' ಅಂದ್ರು. ನಿಂಗೂ ಹಾಗೇ ಕೇಳಿಸ್ತಾ?"

"ಹಾಗೇ ಕೇಳಿಸ್ತು."

"ಹಾಗಾದ್ರೆ ಮರೀಬೇಡ" ಅಂದಳು.

ಅಕ್ಕನಿಗೆ ಈಗ ಏಳು ತಿಂಗಳು.