ದೀಪ ಹಚ್ಚುವ ಹೊತ್ತಿನ ಅಪ್‌ಡೇಟ್

ಮೊಬೈಲು ಏನು ಕೇಳಿದರೂ ನಾನು ಕೊಡುವ ಉತ್ತರ ಒಂದೇ: ‘ನಂತರ’. ಆ ಗುಂಡಿ ಇಟ್ಟ ಪುಣ್ಯಾತ್ಮ ಯಾರೋ, ನನ್ನ ಸ್ವಭಾವ ಬಲ್ಲವನೇ ಇರಬೇಕು. ಎಂ.ಎ. ಓದುವಾಗ ನಾನು ಚೆನ್ನಾಗಿ ಕಲಿತದ್ದೆಂದರೆ ಎರಡೂ ಕಡೆಯ ವಾದ ಬರೆದು ತೀರ್ಮಾನವನ್ನು ಮುಂದೂಡುವುದು.

ತಿಳವಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಈ ಸುಖ ದಕ್ಕಲಿಲ್ಲ. ಅವಳ ಮೊಬೈಲು ಕೇಳುವುದು ‘ಹೌದು’ ಅಥವಾ ‘ಬೇಡ’, ಎರಡೇ.

ಅಕ್ಕನಿಗೆ ಕಿವಿ ಮಂದ. ಅವಳ ಕಿವಿಯ ಮಶೀನನ್ನು ಮೊಬೈಲಿನ ಒಂದು ಆ್ಯಪು ನಡೆಸುತ್ತದೆ. ಮನೆಗೊಂದು, ಬಸ್ಸಿಗೊಂದು, ನಾಲ್ಕು ಮಂದಿ ಸೇರಿದಲ್ಲಿಗೊಂದು ಎಂದು ಸದ್ದನ್ನು ಹದಮಾಡಿಕೊಂಡಿದ್ದಳು. ಅಷ್ಟರಲ್ಲಿ ಬ್ಯಾಂಕಿನ ಆ್ಯಪು, ಮೊಬೈಲಿನ ಆವೃತ್ತಿ ಬದಲಾಗದಿದ್ದರೆ ಇನ್ನು ತಾನು ತೆರೆಯುವುದಿಲ್ಲ ಎಂದು ದಿನಾ ಹೆದರಿಸತೊಡಗಿತು. ಕಿವಿಯ ಆ್ಯಪಿಗೋ ಹಳೆಯ ಆವೃತ್ತಿಯೇ ಬೇಕು. ಒಂದು ಮೊಬೈಲು, ಎರಡು ಹಠ. ಐತವಾರ ಹಾನಗಲ್ಲಿನಿಂದ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಏನೂ ಒತ್ತಬೇಡ ಎಂದು ನಾನು ಅವಳಿಗೆ ಹೇಳಿದ್ದೆ. ಹೇಳಿದ್ದೆನೆಂದು ನನ್ನ ನೆನಪು. ದಿನಚರಿಯಲ್ಲಿ ‘ಅಕ್ಕನಿಗೆ ಹೇಳಿದೆ’ ಎಂದಷ್ಟೇ ಇದೆ, ಏನು ಹೇಳಿದೆನೆಂಬುದಿಲ್ಲ. ನೆನಪನ್ನು ನಂಬದೆ ದಿನಚರಿ ಬರೆಯುವವನ ಪಾಡು ಇದು.

ಅಪ್‌ಡೇಟ್ ಮಾಡಲೇ ಎಂದು ಮೊಬೈಲು ಕೇಳಿದ್ದು ಸಂಜೆ, ಅಕ್ಕ ದೀಪ ಹಚ್ಚುವಾಗ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ‘ಇಲ್ಲ’, ‘ಬ್ಯಾಡ’ ಅನ್ನುವುದಿಲ್ಲ. ಎಣ್ಣೆ ಮುಗಿದರೆ ತುಂಬಿದೆ ಅನ್ನಬೇಕು. ಆಗ ಯಾರಾದರೂ ಹೆಪ್ಪಿಗೆ ಮಜ್ಜಿಗೆ ಕೇಳಿ ಬಂದರೂ ‘ಮುಂಜಾನೆ ಬಾರವಾ’ ಎನ್ನುತ್ತೇವೆಯೇ ಹೊರತು ಇಲ್ಲವೆನ್ನುವುದಿಲ್ಲ.

“ದೀಪದ ಮುಂದ ನಿಂತು ಬ್ಯಾಡ ಅಂತ ಹೆಂಗ ಒತ್ತಲೋ ತಮ್ಮಾ?” ಎಂದಳು ಅಕ್ಕ, ಐತವಾರ ನಾನು ಹೋದಾಗ. “ಅದೂ ಪಾಪ, ಹಗೂರಕ ಕೇಳಿತು. ಹೌದು ಅಂದೆ.”

ಬ್ಯಾಂಕು ತೆರೆಯಿತು. ಕಿವಿಯ ಆ್ಯಪು ಮುಚ್ಚಿತು.

ಹಳೆಯ ಆವೃತ್ತಿಯೇ ಇದ್ದ ನನ್ನ ಹಳೆಯ ಮೊಬೈಲನ್ನೂ ಒಯ್ದಿದ್ದೆ, ಅದರಲ್ಲಿ ನೋಡಿದೆ. ಇಳಿಸಿಕೊಳ್ಳಲು ಆ ಆ್ಯಪೇ ಈಗ ಸಿಗುವುದಿಲ್ಲ. ಮಶೀನು ಕೊಂಡಿದ್ದ ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದೆ. “ಮಶೀನ್ ಏನೂ ಕೆಟ್ಟಿಲ್ರಿ ಸರ, ಆದ್ರ ಹಳೇದಾತು. ಇದಕ್ಕ ಹೊಸ ಆ್ಯಪ್ ಬರಂಗಿಲ್ರಿ” ಎಂದರು. ಕೆಡದೆಯೂ ಕೆಲಸಕ್ಕೆ ಬಾರದಂತಾಗುವುದು ಹೊಸ ಸಂಗತಿಯೇನಲ್ಲ. ನಮ್ಮ ಕಡೆಯ ಗುಡಿಗಳ ಅಂಗಳದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಅಕ್ಷರ ಸವೆದಿಲ್ಲ, ಭಾಷೆ ನಮ್ಮದೇ. ಬದಲಾದವರು ನಾವು. ಪರೀಕ್ಷೆಗೆಂದು ಹಳಗನ್ನಡ ಓದಿದ ನಾನೂ ಅವುಗಳ ಮುಂದೆ ತಡವರಿಸಿ, ಕೈಮುಗಿದು ಬರುತ್ತೇನೆ. ಕಲ್ಲುಗಳು ದೂರುವುದಿಲ್ಲ. ಅಕ್ಕನೂ ದೂರಲಿಲ್ಲ, ಅದೇ ಕಷ್ಟ.

ಮಶೀನು ಈಗಲೂ ಸದ್ದು ಕೇಳಿಸುತ್ತದೆ, ಆದರೆ ಎಲ್ಲವನ್ನೂ ಒಂದೇ ಅಳತೆಯಲ್ಲಿ. ಮಿಕ್ಸರು, ಬೀದಿಯ ಟ್ರ್ಯಾಕ್ಟರು, ನನ್ನ ಮಾತು, ಮೂರಕ್ಕೂ ಒಂದೇ ಮರ್ಯಾದೆ. ಊಟವಾದ ಮೇಲೆ, ನಾನು ಒಯ್ದಿದ್ದ ಸವಣೂರಿನ ವೀಳ್ಯದೆಲೆಯ ಕಟ್ಟು ಬಿಚ್ಚಿ ಅಕ್ಕ ಮೊದಲು ಕಿವಿಯ ಮಶೀನು ತೆಗೆದಿಟ್ಟಳು.

“ಇದನ್ನ ಹಾಕ್ಕೊಂಡು ಎಲಿ ಅಗದ್ರ ಕಿವಿಯೊಳಗ ಗಿರಣಿ ತಿರುಗಿದಂಗ ಆಗ್ತೈತಿ.”

“ಹೊಸಾದು ತಗೊಳ್ಳೂಣ ಅಕ್ಕಾ” ಎಂದು ಕೈಸನ್ನೆ ಮಾಡಿ ಕೂಗಿದೆ.

“ಅದೂ ಹಳೇದಾಗೂದಿಲ್ಲೇನು? ಆ ಆ್ಯಪ್ ಇದ್ದಾಗರ ನೀ ಏನ್ ಹೊಸ ಮಾತಾಡ್ತಿದ್ದಿ? ಬಸ್ಸು ತಡಾ ಆತು, ಸೊಂಟ ನೋಯ್ತೈತಿ, ಇಷ್ಟ ಅಲಾ?” ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಅವಳ ನಗುವಿನಲ್ಲಿ ಏನೋ ಮುಗಿದುಹೋದಂತಿತ್ತು. ಮನುಷ್ಯರು ಕಿವುಡಾಗುವುದು ಒಮ್ಮೆಲೇ ಅಲ್ಲ. ಎದುರಿನವರ ಮಾತು ತನಗೆ ಗೊತ್ತೇ ಇದೆ ಎಂದು ಸಮಾಧಾನ ಮಾಡಿಕೊಂಡಾಗ, ಅಷ್ಟಷ್ಟಾಗಿ. ಕಿವಿ ಸರಿಯಿರುವ ನಾನು ಇದನ್ನು ಎಷ್ಟು ಮಂದಿಗೆ ಮಾಡಿದ್ದೇನೋ, ನೆನಪಿಲ್ಲ.

ಹೊರಡುವಾಗ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದೆ: “ಬರೂ ಐತಾರ ಬರಾಕ ಆಗೂದಿಲ್ಲ ಅಕ್ಕಾ. ಶಿಗ್ಗಾಂವಿಯೊಳಗ ಗೆಳೆಯನ ಮಗಳ ಮದುವಿ ಐತಿ.”

ಮಶೀನು ಇನ್ನೂ ಎಲೆಯ ತಟ್ಟೆಯ ಪಕ್ಕದಲ್ಲೇ ಇತ್ತು. ಅವಳಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

“ಹೂಂ, ಲಗೂನ ಬಾ” ಎಂದಳು ಮುಖ ಅರಳಿಸಿ. “ಕಡುಬು ಮಾಡಿರ್ತೇನಿ.”

ಕೂಗಿ ಹೇಳಬಹುದಿತ್ತು. ಹೂಂ ಎಂದು ತಲೆಯಾಡಿಸಿದೆ.

ಮದುವೆಗೆ ಬರಲಾಗುವುದಿಲ್ಲವೆಂದು ಬಸ್ಸಿನಿಂದಲೇ ಗೆಳೆಯನಿಗೆ ಫೋನು ಮಾಡಿದೆ. ಅವನ ಕಿವಿ ಚುರುಕು. ಒಂದೇ ಸಲಕ್ಕೆ ಎಲ್ಲ ಕೇಳಿಸಿತು, ಬೇಸರವೂ ಆಯಿತು.