ವಾಲಿಯ ತಲೆಗೆ ಮೈಸೂರು ಪೇಟ

ಒಮಾನಿನ ಸುವೈಕ್ ಎಂಬ ಊರಿನ ಮಾರುಕಟ್ಟೆ ಬೀದಿಯಲ್ಲಿ ನನ್ನದೊಂದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇತ್ತು. ನನ್ನದು ಎನ್ನುವುದು ಬಾಯಿಮಾತಿಗೆ. ಕಾಗದದಲ್ಲಿ ಅದು ನನ್ನ ಕಫೀಲನದು, ಅಂದರೆ ವೀಸಾ ಕೊಟ್ಟ ಒಮಾನಿ ಧಣಿಯದು. ಹೊಲಿಗೆ ಯಂತ್ರವೂ ಅವನದೇ, ಬೆನ್ನುನೋವು ಮಾತ್ರ ನನ್ನದು. ಏಳು ವರ್ಷ ಒಬ್ಬನೇ ಬೇಯಿಸಿಕೊಂಡು ತಿಂದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ಆ ಪುಣ್ಯಾತ್ಮ ನನ್ನ ಹೆಂಡತಿಗೂ ಅದೇ ಅಂಗಡಿಯ ಮೇಲೆ ದರ್ಜಿಯ ವೀಸಾ ಮಾಡಿಸಿಕೊಟ್ಟ. ಅವಳು ಕಾರ್ಕಳದಿಂದ ಬಂದು ಮೂರು ತಿಂಗಳು ಆಗಿರಲಿಲ್ಲ, ಸುವೈಕಿಗೆ ಹೊಸ ವಾಲಿ ಬಂದರು.

ವಾಲಿ ಎಂದರೆ ನಮ್ಮ ಕಡೆಯವರಿಗೆ ಯಕ್ಷಗಾನದಲ್ಲಿ ಬಾಣ ತಿಂದು ಸಾಯುವವನು. ಒಮಾನಿನಲ್ಲಿ ಹಾಗಲ್ಲ. ಅಲ್ಲಿ ವಾಲಿ ಊರನ್ನು ಆಳುವ ಅಧಿಕಾರಿ, ಬಾಣ ಬಿಡುವವರೇ ಅವರು. ಬಂದ ವಾರದಲ್ಲೇ ತಾವು ಏನೇನು ಮಾಡುವವರಿದ್ದೇವೆ ಎಂಬ ಪ್ರಕಟಣೆಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿದರು. ನಮ್ಮೊಳಗೆ ಅರಬ್ಬಿ ಓದಬಲ್ಲವರು ಒಬ್ಬರೇ, ಪಕ್ಕದ ಮಸಾಲೆ ಅಂಗಡಿಯ ಬ್ಯಾರಿ ಸಾಹುಕಾರರು. ಅವರು ಓದಿಕೊಂಡು ನನ್ನ ಅಂಗಡಿಗೆ ಬಂದರು. ನಮ್ಮ ಕರಾವಳಿಯವರೆಲ್ಲ ಅಲ್ಲಿಯೇ ಸೇರಿದ್ದೆವು.

"ಮೂರು ವಿಷಯ ಉಂಟು," ಎಂದರು. "ಒಂದು, ಬೀದಿ ಚೊಕ್ಕ ಇರಬೇಕು. ಎರಡು, ವರ್ಕ್‌ಶಾಪುಗಳೆಲ್ಲ ಹೈವೇ ಆಚೆ ಹೋಗಬೇಕು. ಹೊಲಿಗೆಯವರೂ ಅದರಲ್ಲಿ ಬರ್ತಾರೆ. ಮತ್ತೆ ಮೂರನೆಯದು..."

ಮೂರನೆಯದನ್ನು ಯಾರೂ ಕೇಳಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಾನು ಎಲ್ಲರಿಗಿಂತ ಜೋರಾಗಿ.

ಹೈವೇ ಆಚೆ ಇದ್ದದ್ದು ಕಲ್ಲು ಮತ್ತು ಆಡುಗಳು. ಆಡುಗಳು ಬಟ್ಟೆ ಹೊಲಿಸುವುದಿಲ್ಲ. ನನ್ನ ಗಿರಾಕಿಗಳು ಹಿಂದಿನ ಓಣಿಯಿಂದ ನಡೆದು ಬರುವ ಹೆಂಗಸರು, ಅವರು ಹೈವೇ ದಾಟಿ ಬರುವ ಮಾತೇ ಇಲ್ಲ. ಗಿರಾಕಿ ಇಲ್ಲದಿದ್ದರೆ ಕಫೀಲ ಖಲಾಸ್ ಅನ್ನುತ್ತಾನೆ, ನಮ್ಮಿಬ್ಬರ ವೀಸಾವೂ ಅಲ್ಲಿಗೆ ಮುಗಿಯಿತು. ಹೆಂಡತಿ ಹೊಸ ಸ್ಟೀಲ್ ಪಾತ್ರೆಗಳ ಮೇಲಿನ ಚೀಟಿ ಕೀಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, ಉಳಿದವನ್ನು ಹಾಗೆಯೇ ಊರಿಗೆ ಒಯ್ಯುವ ಪೆಟ್ಟಿಗೆಗೆ ಹಾಕಿದಳು. ಅದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕರಾವಳಿಯವರಿಗೆ ಕಷ್ಟ ಬಂದರೆ ಮೊದಲು ಹುಟ್ಟುವುದು ಸಮಿತಿ. ಯಾವುದೋ ಕಂಪನಿಯ ಮ್ಯಾನೇಜರರಾಗಿದ್ದ ಉಡುಪಿಯವರೊಬ್ಬರು ತಾವಾಗಿಯೇ ಅಧ್ಯಕ್ಷರಾದರು. ವಾಲಿಯವರಿಗೆ ಸನ್ಮಾನ ಮಾಡುವುದು, ಆಮೇಲೆ ಮನವಿ ಕೊಡುವುದು ಎಂದು ತೀರ್ಮಾನವಾಯಿತು. ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ.

"ಪೇಟ ಬೇಡ ಮಾರಾಯ್ರೆ," ಎಂದರು ಸಾಹುಕಾರರು. "ಅವರ ತಲೆಯಲ್ಲಿ ಮಸ್ಸರ್ ಇರ್ತದೆ. ಆ ಮುಂಡಾಸಿಗೆ ಇನ್ನೊಬ್ಬ ಕೈ ಹಾಕುವ ಹಾಗಿಲ್ಲ."

"ಒಂದು ನಿಮಿಷ ತೆಗೆದರೆ ಎಂತ ಆಗ್ತದೆ? ನಮ್ಮಲ್ಲಿ ಮಂತ್ರಿಗಳಿಗೇ ಇಡ್ತೇವೆ," ಎಂದರು ಅಧ್ಯಕ್ಷರು. "ಪೇಟ ಇಟ್ಟ ತಲೆ ಇಲ್ಲ ಅನ್ನುವುದಿಲ್ಲ, ನೀವು ನೋಡಿ."

ಮದುವಣಗಿತ್ತಿಯರ ಬಟ್ಟೆಯಲ್ಲಿ ಉಳಿದ ಜರಿಯಿಂದ ನಾನು ಪೇಟ ಕಟ್ಟಿದೆ. ಒಳಗಿನ ಅಸ್ತರನ್ನು ಹೆಂಡತಿ ಕೈಯಲ್ಲೇ ಹೊಲಿದಳು. ಅಳತೆ ಕೇಳಿದ್ದಕ್ಕೆ ಅಧ್ಯಕ್ಷರು ತಮ್ಮ ತಲೆಯನ್ನೇ ಮುಂದೆ ಚಾಚಿದರು. ಆ ತಲೆ ಪ್ರಯೋಜನಕ್ಕೆ ಬಂದದ್ದು ಅದೊಂದೇ ಸಲ.

ವಾಲಿಯವರು ಬೆಳಗ್ಗೆ ಎಲ್ಲರ ಅಹವಾಲು ಕೇಳುತ್ತಿದ್ದರು. ಗೋಡೆಗೆ ಒರಗಿ ಜಮಖಾನದ ಮೇಲೆ ಕೂತ ಮುದುಕರು, ಬಾವಿಯ ಜಗಳ, ಕಾಫಿ, ಖರ್ಜೂರ. ಮನೆಮಂದಿಯ ಕ್ಷೇಮ, ತೋಟದ ಕ್ಷೇಮ ವಿಚಾರಿಸದೆ ಅಲ್ಲಿ ಯಾರೂ ವಿಷಯಕ್ಕೆ ಬರುತ್ತಿರಲಿಲ್ಲ. ನಾವು ಮಾತ್ರ ಮದುವೆ ದಿಬ್ಬಣದ ಹಾಗೆ ಬುಟ್ಟಿ ಹೊತ್ತು ಒಳಗೆ ನುಗ್ಗಿದೆವು. ಅಧ್ಯಕ್ಷರು ಶಾಲು ಹೊದಿಸಿದರು. ವಾಲಿಯವರು ನಕ್ಕರು. ಅಧ್ಯಕ್ಷರಿಗೆ ಧೈರ್ಯ ಬಂತು, ಎರಡೂ ಕೈಯನ್ನು ಅವರ ಮುಂಡಾಸಿನತ್ತ ಚಾಚಿದರು.

ಗೋಡೆಗೆ ಒರಗಿದ್ದ ಮುದುಕರೆಲ್ಲ ನೆಟ್ಟಗೆ ಕೂತರು. ಬಾಗಿಲಲ್ಲಿದ್ದ ಕಾವಲುಗಾರ ಎರಡು ಹೆಜ್ಜೆ ಒಳಗೆ ಬಂದ. ನನ್ನ ಕಣ್ಣ ಮುಂದೆ ಹೆಂಡತಿಯ ಪೆಟ್ಟಿಗೆ ಬಂತು.

ವಾಲಿಯವರು ಅಧ್ಯಕ್ಷರ ಮಣಿಕಟ್ಟು ಹಿಡಿದು ಮೆತ್ತಗೆ ಕೆಳಗಿಳಿಸಿದರು. ತಟ್ಟೆಯಲ್ಲಿದ್ದ ಪೇಟವನ್ನು ಎತ್ತಿ, ತಿರುವಿ, ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಇದನ್ನು ಹೊಲಿದವರು ಯಾರು ಎಂದು ಅರಬ್ಬಿಯಲ್ಲಿ ಕೇಳಿದರು. ಸಾಹುಕಾರರು ನನ್ನತ್ತ ತೋರಿಸಿದರು. ಶಿಕ್ಷೆಯಾದರೆ ನನಗೊಬ್ಬನಿಗೇ ಆಗಲಿ ಅಂದುಕೊಂಡಿದ್ದೆ, ಆದರೆ ಬಾಯಿಂದ ಬಂದದ್ದು ನಿಜ: "ಅಸ್ತರು ನನ್ನ ಹೆಂಡತಿಯದು."

ವಾಲಿಯವರು ಏನೋ ಹೇಳಿದರು. ಸಾಹುಕಾರರು ತಲೆ ತಗ್ಗಿಸಿ ನಮಗೆ ತಿಳಿಸಿದರು: "ಮೂರನೆಯ ವಿಷಯ ಓದಲಿಲ್ಲವಾ ಅಂತ ಕೇಳ್ತಿದ್ದಾರೆ. ಇಲ್ಲಿನವರಿಗೆ ಕೆಲಸ ಕಲಿಸುವ ಅಂಗಡಿ ಬೀದಿಯಲ್ಲೇ ಇರಬಹುದಂತೆ. ಹೆಂಗಸರಿಗೆ ನಿನ್ನ ಹೆಂಡತಿ ಕಲಿಸ್ತಾಳಾ ಅಂತಲೂ ಕೇಳ್ತಿದ್ದಾರೆ."

ಹೊರಗೆ ಬಂದ ಮೇಲೆ ನಾನು ಸಾಹುಕಾರರ ಮೇಲೆ ಹರಿಹಾಯ್ದೆ. ಇದನ್ನು ಮೊದಲೇ ಹೇಳಬಾರದಿತ್ತೇ?

"ಹೇಳಿದ್ದೆ," ಎಂದರು. "ಮೊದಲು ನೀವೆಲ್ಲ ಬೊಬ್ಬೆ ಹಾಕ್ತಾ ಇದ್ದಿರಿ, ಆಮೇಲೆ ಜರಿ ಹುಡುಕ್ತಾ ಇದ್ದಿರಿ."

ಹೀಗೆ ಅಂಗಡಿ ಉಳಿಯಿತು, ನಾನು ಹೊರಗಾದೆ. ಹೆಂಗಸರು ಕಲಿಯುವಲ್ಲಿ ಗಂಡಸು ಕೂರುವಂತಿಲ್ಲವಾದ್ದರಿಂದ ನನ್ನ ಯಂತ್ರ ಜಗಲಿಗೆ ಬಂತು. ಒಳಗೆ ಹೆಂಡತಿಯ ದರ್ಬಾರು. ಕಂಕುಳಿನ ಕಟಿಂಗ್ ಮಾತ್ರ ಕಲಿಸಬೇಡ, ಅದು ನಮ್ಮ ಅನ್ನ ಎಂದು ಗುಟ್ಟಾಗಿ ಹೇಳಿದೆ.

"ಅರ್ಧ ಕಲಿಸಿದರೆ ಬಟ್ಟೆ ಕಂಕುಳಲ್ಲೇ ಹರೀತದೆ," ಎಂದಳು. "ಆಗ ಬೈಸಿಕೊಳ್ಳುವುದು ನಾನು."

ಪೂರ್ತಿ ಕಲಿಸಿದಳು. ನಾಲ್ಕನೆಯ ವರ್ಷ ಅವಳ ಶಿಷ್ಯೆಯರಿಬ್ಬರು ಮೂರು ಬಾಗಿಲು ಆಚೆ ಸ್ವಂತ ಅಂಗಡಿ ತೆರೆದರು. ಓಣಿಯ ಹೆಂಗಸರು ಅಲ್ಲಿಗೆ ಹೋದರು. ಹೋಗದೆ ಏನು, ನನಗಿಂತ ಚೆನ್ನಾಗಿ ಹೊಲಿಯುತ್ತಿದ್ದರು. ಐದನೆಯ ವರ್ಷ ಕಫೀಲ ಬಂದು, ನೆಲ ನೋಡುತ್ತಾ ಖಲಾಸ್ ಅಂದ. ಒಮಾನಿನ ಕೆಲಸ ಒಮಾನಿಗಳ ಕೈಗೇ ಬರಬೇಕು, ವಾಲಿಯವರಿಗೆ ಬೇಕಾದದ್ದು ಇದೇ ಆಗಿತ್ತು. ಬಾಗಿಲಿಗೆ ಅಂಟಿಸಿಯೂ ಇದ್ದರು. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಊರಿಗೆ ಹೊರಡುವಾಗ ಪಾತ್ರೆ ಕಟ್ಟಲು ಕೂತೆ. ಒಂದರ ಮೇಲೂ ಚೀಟಿ ಇರಲಿಲ್ಲ. ಎಲ್ಲದರ ತಳವೂ ಕರಿ ಹಿಡಿದಿತ್ತು.