ಎಡಗಡೆ ಕಿಟಕಿಯ ಅಜ್ಜ

ನಮ್ಮ ಆಫೀಸಿನಲ್ಲಿ ಅವರಿಗೆ ಎಡಬಲ ಅಕ್ಕ ಎಂದೇ ಹೆಸರು. ಅವರ ಕೆಲಸ ಕೇಳುವುದಕ್ಕೆ ಬಹಳ ಸುಲಭ. ನಾನು ಒಂದು ವೆಬ್ ಪೇಜು ಕಟ್ಟಿ ಕೊಟ್ಟರೆ ಅವರು ಅದನ್ನು ತಮ್ಮ ಪರದೆಯ ಎಡಗಡೆ ಹಳೆಯ ಬ್ರೌಸರಿನಲ್ಲೂ, ಬಲಗಡೆ ಅದೇ ಬ್ರೌಸರಿನ ಹೊಸ ಆವೃತ್ತಿಯಲ್ಲೂ ತೆರೆದು, ಎರಡೂ ಒಂದೇ ಥರ ಕಾಣುತ್ತವೆಯೋ ಇಲ್ಲವೋ ನೋಡಿ ಹೇಳಬೇಕು. ಅಷ್ಟೇ. ಆದರೆ ಪಕ್ಕದ ಮೇಜಿನಲ್ಲಿ ಕೂತವಳಿಗೇ ಗೊತ್ತು ಅದರ ಫಜೀತಿ. ನಾನು ಪೇಜು ಮುಗಿಸಿ, ಮೈಮುರಿದು, ಇನ್ನೇನು ಟೀ ಕುಡಿಯೋಣ ಎಂದು ಏಳುವಷ್ಟರಲ್ಲಿ "ಎಡಗಡೆ ಒಂಚೂರು ಕೆಳಗೆ ಇಳಿದಿದೆ ಕಣೇ" ಎನ್ನುತ್ತಿದ್ದರು. ನನಗೆ ಜಪ್ಪಯ್ಯ ಅಂದರೂ ಕಾಣುತ್ತಿರಲಿಲ್ಲ. ಅವರು ಪರದೆಗೆ ಸ್ಕೇಲು ಹಿಡಿದು ತೋರಿಸುತ್ತಿದ್ದರು.

ಹಳೆಯದೂ ಹೊಸದೂ ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರುವಂತೆ ನೋಡಿಕೊಳ್ಳುವುದೂ ಅವರದೇ ಜವಾಬ್ದಾರಿ. ಸುಮ್ಮನೆ ಬಿಟ್ಟರೆ ಹೊಸ ಬ್ರೌಸರು ಬಂದ ದಿನವೇ ಹಳೆಯದರ ಸಾಮಾನನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಕೊಂಡುಬಿಡುತ್ತದೆ. ಆಮೇಲೆ ಹಳೆಯದಕ್ಕೆ ತನ್ನ ಮನೆಯಲ್ಲೇ ತನ್ನ ವಸ್ತು ಸಿಗದೆ, ಕೆಲಸ ಮಾಡುವುದೇ ಇಲ್ಲ ಎಂದು ಮುಷ್ಕರ ಹೂಡುತ್ತದೆ. ಅದಕ್ಕೇ ಅಕ್ಕ ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ ಕೊಟ್ಟಿದ್ದರು. ಈ ಉಪಾಯ ಎಲ್ಲಿ ಕಲಿತಿರಿ ಎಂದು ಕೇಳಿದರೆ, ಮದುವೆಯಾದ ಹೊಸತರಲ್ಲಿ ಅತ್ತೆಯ ಬೀರುವಿನಲ್ಲಿ ತಮ್ಮ ಬಟ್ಟೆ ಇಡಲು ಹೋಗಿ ಕಲಿತೆ ಎನ್ನುತ್ತಿದ್ದರು. ಬೇರೆ ಬೀರು ಬಂದ ದಿನದಿಂದ ಅತ್ತೆ ಸೊಸೆ ಹಾಲುಜೇನಿನ ಹಾಗೆ ಇದ್ದಾರಂತೆ.

ಅವರ ಗಂಡನದು ಕನ್ನಡಕದ ಅಂಗಡಿ. ಮದುವೆಗೆ ಮುಂಚೆ ಅಕ್ಕ ಅಲ್ಲಿಗೆ ಕಣ್ಣು ತೋರಿಸಲು ಹೋಗಿದ್ದರು. ಅಂಗಡಿಯವರು ಒಂದರ ನಂತರ ಒಂದು ಗಾಜು ಇಟ್ಟು "ಇದು ಚೆನ್ನಾಗಿದೆಯೋ, ಮೊದಲಿನದೋ?" ಎಂದು ಕೇಳಿದ್ದಾರೆ. ಬೇರೆಯವರು ಎರಡು ಮಾತಿನಲ್ಲಿ ಮುಗಿಸುವುದನ್ನು ಇವರು ಬೆಳಗ್ಗೆಯಿಡೀ ಎಳೆದರಂತೆ. ಮೊದಲಿನದನ್ನು ಇನ್ನೊಮ್ಮೆ ತೋರಿಸಿ, ಈಗ ಇದು, ಈಗ ಮತ್ತೆ ಅದು. ಹಿಂದೆ ಕಾಯುತ್ತಿದ್ದವರೆಲ್ಲ ಬೇಸತ್ತು ಎದ್ದು ಹೋದರು. ಕೊನೆಗೆ ಉಳಿದವರು ಅಂಗಡಿಯವರೊಬ್ಬರೇ. ಅವರು ಈಗಲೂ ಉಳಿದಿದ್ದಾರೆ.

ಹೊಸ ಚಪ್ಪಲಿ ತಂದರೆ ಅಕ್ಕ ಒಂದು ಕಾಲಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಹಾಕಿಕೊಂಡು ಒಂದು ವಾರ ಮನೆಯಲ್ಲಿ ಓಡಾಡುತ್ತಾರೆ. ಒಮ್ಮೆ ಮರೆತು ಆಫೀಸಿಗೂ ಹಾಗೇ ಬಂದಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಅವರು ಸ್ವಲ್ಪವೂ ನಾಚದೆ, ಬಲಗಾಲು ಚುರುಕಾಗಿದೆ, ಎಡಗಾಲು ಸುಖವಾಗಿದೆ ಎಂದು ವರದಿ ಕೊಟ್ಟರು.

ನಮ್ಮ ಆಫೀಸು ಎಂದರೆ ಒಂದು ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ. ಯಜಮಾನರು, ಅಕ್ಕ, ನಾನು. ಕೆಳಗೆ ಹೊಲಿಗೆ ಮಿಷನ್ನು ಓಡಿದರೆ ನಮ್ಮ ಟೀ ಲೋಟ ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು. ನಮಗೆ ಬರುವ ಕೆಲಸದಲ್ಲೆಲ್ಲ ದೊಡ್ಡದು ಒಂದು ಬಸ್ ಕಂಪನಿಯ ವೆಬ್‌ಸೈಟು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಜನ ನೋಡಿಕೊಳ್ಳುವ ಪೇಜು ಅದು. ಹೊಸ ಬ್ರೌಸರಿಗೆ ಅದನ್ನು ಒಂದು ಗಂಟೆಯಲ್ಲಿ ಬರೆಯಬಹುದು. ಹಳೆಯದಕ್ಕೆ ಸರಿಹೋಗುವ ಹಾಗೆ ತೇಪೆ ಹಚ್ಚುತ್ತಾ ಕೂತರೆ ಇಡೀ ದಿನ ಹಾಳು. ಹಳೆಯದು ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗತ್ತಿನಲ್ಲಿ ಇನ್ನೂ ಯಾರು ಅದನ್ನು ಬಳಸುತ್ತಾರೆ ಎಂದು ನಾನು ಆಗಾಗ ಹರಿಹಾಯುತ್ತಿದ್ದೆ.

ಅಕ್ಕನ ಹತ್ತಿರ ಉತ್ತರ ಸಿದ್ಧವಿತ್ತು. ಪೇಜಿಗೆ ಯಾರು ಯಾವ ಬ್ರೌಸರಿನಿಂದ ಬರುತ್ತಾರೆ ಎಂದು ಎಣಿಸುವ ಏರ್ಪಾಡು ನಮ್ಮಲ್ಲಿತ್ತು. ಅದರಲ್ಲಿ ಪ್ರತಿದಿನ ಬೆಳಿಗ್ಗೆ, ಒಬ್ಬರೇ ಒಬ್ಬರು, ಆ ಹಳೆಯ ಆವೃತ್ತಿಯಿಂದ ಬರುತ್ತಿದ್ದರು. ಬಂದು, ಬಸ್ಸಿನ ಸಮಯ ನೋಡಿ, ಹೋಗುತ್ತಿದ್ದರು. ಅವರಿಗೆ ಅಜ್ಜ ಎಂದು ಹೆಸರಿಟ್ಟವರು ಅಕ್ಕನೇ. ಅಷ್ಟು ಹಳೆಯ ಬ್ರೌಸರು ಇಟ್ಟುಕೊಂಡವರು ವಯಸ್ಸಾದವರೇ ಇರಬೇಕು ಎಂದು ಅವರ ಲೆಕ್ಕ.

ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ಅಜ್ಜನದೇ ಮಾತು. ಅಜ್ಜನಿಗೆ ದೂರದಲ್ಲಿ ಮಗಳಿದ್ದಾಳೆ, ದಿನಾ ಅವಳ ಮನೆಗೆ ಹೋಗುವ ಬಸ್ಸು ನೋಡುತ್ತಾರೆ ಎಂದು ಅಕ್ಕ ಶುರು ಮಾಡಿದರು. ಹಾಗಾದರೆ ಹೋಗುವುದಿಲ್ಲ ಏಕೆ ಎಂದು ನಾನು ಕೇಳಿದ್ದಕ್ಕೆ ಯಜಮಾನರು, ಅಳಿಯನ ಜತೆ ಮಾತು ಬಿಟ್ಟಿದ್ದಾರೆ ಎಂದು ಸೇರಿಸಿದರು. ಭಾನುವಾರ ಅಜ್ಜ ಬರುತ್ತಿರಲಿಲ್ಲ. ಅವತ್ತು ಮಗಳೇ ಇವರನ್ನು ನೋಡಲು ಬರುತ್ತಾಳೆ ಎಂದು ತೀರ್ಮಾನವಾಯಿತು. ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಅಕ್ಕ ರಜೆ ಹಾಕಿದಾಗ ಅಜ್ಜನೂ ಕಾಣಲಿಲ್ಲ. ಅವರಿಗೂ ಮೈ ಹುಷಾರಿರಲಿಲ್ಲವೇನೋ ಎಂದು ಅಕ್ಕ ಬಂದವರೇ ಚಿಂತೆ ಮಾಡಿದರು. ಮೊದಮೊದಲು ನಾನು ಇದಕ್ಕೆಲ್ಲ ಮೂಗು ಮುರಿಯುತ್ತಿದ್ದೆ. ಆಮೇಲೆ ಅಜ್ಜನಿಗೆ ಮಂಡಿನೋವು ಕೊಟ್ಟವಳು ನಾನೇ.

ಹೀಗಿರುವಾಗ ಬಸ್ ಕಂಪನಿಯವರು ಸೈಟನ್ನು ಪೂರ್ತಿ ಹೊಸದಾಗಿ ಮಾಡಿಕೊಡಿ ಎಂದರು. ಹಳೆಯ ಬ್ರೌಸರಿನ ಸಹವಾಸ ಬೇಡ, ಅದಕ್ಕೆ ಸಮಯ ದಂಡ ಎಂದೂ ಹೇಳಿದರು. ನನಗೆ ಹಬ್ಬ. ಅಕ್ಕನ ಮುಖ ಮಾತ್ರ ಸಪ್ಪೆಯಾಯಿತು.

"ಒಂದಿನ ಬೆಳಿಗ್ಗೆ ಅವರು ನೋಡ್ತಾರೆ, ಸಮಯವೇ ಕಾಣೋದಿಲ್ಲ. ಆಗ ಯಾರನ್ನ ಕೇಳ್ತಾರೆ ಸಾರ್? ಕೇಳೋಕೆ ಗೊತ್ತಿರೋರು ಹೊಸದೇ ಹಾಕ್ಕೊಂಡಿರ್ತಾರೆ," ಎಂದರು ಅಕ್ಕ.

ಯಜಮಾನರು ಒಳ್ಳೆಯವರು, ಆದರೆ ಕೆಲಸ ಕೊಡುವವರ ಮಾತನ್ನು ಮೀರುವವರಲ್ಲ. "ಆ ಒಬ್ಬರು ಯಾರು ಅಂತ ತೋರಿಸಿ. ಕಂಪನಿಯವರ ಹತ್ತಿರ ನಾನೇ ಮಾತಾಡ್ತೀನಿ. ಸಿಗಲಿಲ್ವೋ, ಹಳೇದನ್ನ ಬಿಟ್ಟುಬಿಡೋಣ," ಎಂದರು.

ಅಜ್ಜನನ್ನು ಹುಡುಕುವುದು ಹೇಗೆ? ಹಳೆಯ ಬ್ರೌಸರಿನಲ್ಲಿ ಬಂದವರಿಗೆ ಮಾತ್ರ ಕಾಣುವ ಹಾಗೆ ಪೇಜಿನ ಮೇಲ್ಗಡೆ ಎರಡು ಸಾಲು ಬರೆ ಎಂದು ಅಕ್ಕ ನನಗೆ ದುಂಬಾಲು ಬಿದ್ದರು. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ, ನಿಮ್ಮ ಹತ್ತಿರ ಮಾತಾಡಬೇಕು ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಮರುದಿನ ಅಕ್ಕ ಎಂದಿನಂತೆ ಎರಡೂ ಬ್ರೌಸರಿನ ಕಿಟಕಿ ತೆರೆದರು. ಎಡಗಡೆಯದರಲ್ಲಿ ಆ ಸಾಲು ಕಂಡಿತು, ಬಲಗಡೆ ಕಾಣಲಿಲ್ಲ. ಸರಿಯಾಗಿದೆ ಎಂದು ತಲೆಯಾಡಿಸಿದರು. ಎಣಿಕೆಯಲ್ಲಿ ನೋಡಿದರೆ ಅಜ್ಜ ಬಂದು ಹೋಗಿದ್ದರು. ಫೋನು ಮಾತ್ರ ಬರಲಿಲ್ಲ. ಅದರ ಮರುದಿನವೂ ಅಜ್ಜ ಬಂದರು, ಫೋನು ಬರಲಿಲ್ಲ. ಅಜ್ಜನಿಗೆ ಕಿವಿ ಮಂದವಿರಬೇಕು, ಫೋನೆಂದರೆ ಸಂಕೋಚ ಎಂದೆ ನಾನು. ಅಕ್ಕ ನಗಲಿಲ್ಲ.

ಆ ವಾರದ ಕೊನೆಗೆ ಅಕ್ಕ ಆಫೀಸಿಗೆ ಬಂದವರೇ ಬೇರೆ ಕೆಲಸ ಮುಟ್ಟಲಿಲ್ಲ. ಬಲಗಡೆಯ ಕಿಟಕಿಯಲ್ಲಿ ಎಣಿಕೆಯ ಪೇಜೊಂದನ್ನೇ ತೆರೆದು, ಕೈಕಟ್ಟಿ, ಅಜ್ಜ ಬರುವ ಗಳಿಗೆಯನ್ನು ಕಣ್ಣಾರೆ ನೋಡಬೇಕೆಂದು ಕೂತರು. ನಾನೂ ಕುರ್ಚಿ ಎಳೆದುಕೊಂಡೆ. ದಿನಾ ಬರುವ ಹೊತ್ತು ಮೀರಿತು. ಅಜ್ಜ ಇಲ್ಲ. ಯಜಮಾನರು ಎರಡು ಸಲ ಬಂದು ಇಣುಕಿ ಹೋದರು. ಅಕ್ಕ, ಈ ದಪ್ಪ ಅಕ್ಷರ ನೋಡಿ ಹೆದರಿಬಿಟ್ಟರೇನೋ, ನಾವೇ ಓಡಿಸಿದ ಹಾಗಾಯಿತು ಎಂದು ಕೈ ಹಿಸುಕಿಕೊಂಡರು. ನಾನೂ ಟೀ ಕುಡಿಯಲು ಏಳದೆ ಅಲ್ಲೇ ಕೂತೆ. ಊಟದ ಹೊತ್ತಾಯಿತು. ಇನ್ನು ಎಷ್ಟು ಕಾಯುವುದು ಎಂದು ಅಕ್ಕ ನಿಟ್ಟುಸಿರು ಬಿಟ್ಟು, ದಿನದ ಕೆಲಸವನ್ನಾದರೂ ಮಾಡೋಣವೆಂದು ಎಡಗಡೆಯ ಹಳೆಯ ಬ್ರೌಸರನ್ನು ತೆರೆದರು.

ಎಣಿಕೆಯಲ್ಲಿ ಅಜ್ಜ ಬಂದರು.

ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಅಕ್ಕ ಹುಬ್ಬು ಗಂಟಿಕ್ಕಿದರು. ಎಡಗಡೆಯ ಕಿಟಕಿಯನ್ನು ಮುಚ್ಚಿದರು, ಮತ್ತೆ ತೆರೆದರು. ಅಜ್ಜ ಇನ್ನೊಮ್ಮೆ ಬಂದರು.

"ಅಜ್ಜ ನಾನೇ ಕಣೇ," ಎಂದರು ಅಕ್ಕ.

ಆದದ್ದು ಇಷ್ಟು. ಅವರ ಹಳೆಯ ಬ್ರೌಸರು ತೆರೆದ ಕೂಡಲೇ ತಾನಾಗಿ ಬಸ್ಸಿನ ಸಮಯದ ಪೇಜಿಗೆ ಹೋಗುವಂತೆ ಎಂದೋ ಹೊಂದಿಸಿಟ್ಟಿದ್ದರು. ನಮ್ಮ ಆಫೀಸಿನವರನ್ನು ಎಣಿಸಬೇಡ ಎಂದು ಪ್ರತಿ ಬ್ರೌಸರಿನಲ್ಲೂ ಒಂದು ಗುರುತು ಹಾಕಿದ್ದೆವು. ಆದರೆ ಪರೀಕ್ಷೆ ಶುದ್ಧವಾಗಿರಲಿ ಎಂದು ಅಕ್ಕ, ಎಡಗಡೆಯದನ್ನು ಮುಚ್ಚಿದ ಕೂಡಲೇ ಅದರ ನೆನಪೆಲ್ಲ ಅಳಿಸಿಹೋಗುವ ಹಾಗೆ ಮಾಡಿದ್ದರು. ನೆನಪಿನ ಜತೆ ಆ ಗುರುತೂ ಅಳಿಸಿಹೋಗುತ್ತಿತ್ತು. ಬೆಳಿಗ್ಗೆ ತೆರೆದರೆ ಸಂಜೆಯವರೆಗೆ ಮುಚ್ಚುತ್ತಿರಲಿಲ್ಲ, ಪರೀಕ್ಷೆಯೆಲ್ಲ ಎಣಿಕೆಗೆ ಸಿಗದ ನಕಲು ಪೇಜಿನ ಮೇಲೆ ನಡೆಯುತ್ತಿತ್ತು. ಹಾಗಾಗಿ ದಿನಕ್ಕೊಬ್ಬರೇ ಅಜ್ಜ. ಇಷ್ಟು ವರ್ಷ ಅವರು ಬೆಳಿಗ್ಗೆ ಬೆಳಿಗ್ಗೆ ತಮ್ಮನ್ನೇ ತಾವು ಸ್ವಾಗತಿಸಿಕೊಂಡು, ತಮ್ಮ ಆರೋಗ್ಯದ ಬಗ್ಗೆ ತಾವೇ ಚಿಂತೆ ಮಾಡಿದ್ದರು.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನಂತೂ ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಅಕ್ಕನೂ ನಕ್ಕರು. ನಗುತ್ತಲೇ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಹಳೆಯದನ್ನು ಬಿಡುವುದೆಂದು ನಿರ್ಧಾರವಾಯಿತು. ಹೊಸ ಪೇಜಿನಿಂದ ನನ್ನ ತೇಪೆಗಳನ್ನೆಲ್ಲ ಒಂದೊಂದಾಗಿ ಕಿತ್ತು ಬಿಸಾಡಿದೆ. ಅಷ್ಟು ದಿನದಿಂದ ಕಾದಿದ್ದ ಸುಖ, ಆದರೆ ಬಾಯಿಗೆ ರುಚಿ ಹತ್ತಲಿಲ್ಲ. ಊಟಕ್ಕೆ ಕೂತರೆ ಮೂವರೂ ಬೇಗ ಬೇಗ ಡಬ್ಬಿ ಮುಚ್ಚಿ ಏಳುತ್ತಿದ್ದೆವು. ಒಮ್ಮೆ ಯಜಮಾನರು ಮರೆತು, ಇವತ್ತು ಬಂದಿದ್ದರಾ ಎಂದು ಕೇಳಿ, ಕೆಮ್ಮಿ, ಉಪ್ಪಿನಕಾಯಿಗೆ ಕೈ ಚಾಚಿದರು. ಇಲ್ಲದ ಮನುಷ್ಯನಿಗೋಸ್ಕರ ಎಲ್ಲರ ಜತೆ ಜಗಳವಾಡಿದೆನಲ್ಲ ಎಂದು ಅಕ್ಕ ಒಂದೇ ಸಲ ಹೇಳಿದರು. ನನಗೂ ಅಜ್ಜ ಇಲ್ಲದ್ದು ಬೇಸರವಾಗಿತ್ತು, ಇದರಲ್ಲಿ ಮುಚ್ಚಿಡುವುದೇನಿದೆ.

ಅಕ್ಕನಿಗೆ ಹೊಸ ಕಂಪ್ಯೂಟರು ಬಂತು. ಹಳೆಯದನ್ನು ಗುಜರಿಯವನಿಗೆಂದು ಮೆಟ್ಟಿಲ ಮೇಲೆ ಇಟ್ಟಿದ್ದಾಗ ಕೆಳಗಿನ ದರ್ಜಿಯವರು ಕಂಡು, ಹಾಡು ಕೇಳಿಕೊಂಡು ಹೊಲಿಯುತ್ತೇನೆ, ನನಗೆ ಕೊಡುತ್ತೀರಾ ಎಂದರು. ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಆಫೀಸಿನದ್ದೆಲ್ಲ ಅಳಿಸಿ, ತಾವೇ ಕೆಳಗೆ ಹೋಗಿ ಕತ್ತರಿ, ನೂಲಿನುಂಡೆಗಳ ನಡುವೆ ಜಾಗ ಮಾಡಿ ಜೋಡಿಸಿಕೊಟ್ಟರು. ಎರಡೂ ಬ್ರೌಸರುಗಳನ್ನು ಹಾಗೇ ಬಿಟ್ಟರು. ಹಳೆಯದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ಅದಕ್ಕೆ ಬೀಗ ಭದ್ರವಿಲ್ಲ ಎಂದು ಎರಡೆರಡು ಸಲ ಹೇಳಿದರು. ಬ್ಯಾಂಕಿಗೆ ನಾನು ನಡೆದುಕೊಂಡೇ ಹೋಗುತ್ತೇನೆ ಎಂದರಂತೆ ದರ್ಜಿಯವರು.

ಬಸ್ಸಿನ ಹೊಸ ಪೇಜು ಬಿಡುಗಡೆಯಾಯಿತು. ಎಲ್ಲರೂ ಹೊಗಳಿದರು, ಕಂಪನಿಯವರು ಹೂಗುಚ್ಛ ಕಳಿಸಿದರು. ಎಣಿಕೆಯ ಕಡೆ ನಾವು ಯಾರೂ ತಲೆಹಾಕಲಿಲ್ಲ. ಅದಾಗಿ ಕೆಲವು ದಿನಕ್ಕೆ, ಕುತ್ತಿಗೆಗೆ ಟೇಪು ಹಾಕಿಕೊಂಡೇ ದರ್ಜಿಯವರು ಮೆಟ್ಟಿಲು ಹತ್ತಿ ಬಂದರು. ಮುಖ ಕೆಂಪಗಾಗಿತ್ತು. ಆ ಬಸ್ಸಿನ ಪೇಜು ಮಾಡಿದವರು ಯಾರು ಎಂದು ಕೇಳಿದರು. ನಾನು ಎಂದೆ, ಹೂಗುಚ್ಛದ ಪಕ್ಕದಲ್ಲಿ ಕೂತು.

"ಅಲ್ಲಮ್ಮಾ, ಮೊದಲು ನೇರವಾಗಿತ್ತು. ಈಗ ತೋಳಿರೋ ಜಾಗದಲ್ಲಿ ಕಾಲರ್ ಇಟ್ಟಿದ್ದೀರಲ್ಲ," ಎಂದರು. ಅವರ ತಂಗಿ ಪಕ್ಕದ ಊರಿನಿಂದ ಹೊಲಿದ ಬಟ್ಟೆಯ ಗಂಟು ಹೊತ್ತು ಬರುತ್ತಾರಂತೆ. ಆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬೆಳಿಗ್ಗೆ ನೋಡಿಕೊಂಡು ಇವರು ಗಂಟು ಇಳಿಸಲು ನಿಲ್ದಾಣಕ್ಕೆ ಹೋಗಬೇಕು. ಅವತ್ತು ಹೋಗುವ ಬಸ್ಸಿನ ಸಮಯವೂ ಬರುವ ಬಸ್ಸಿನ ಸಮಯವೂ ಒಂದರ ಮೇಲೊಂದು ಬಿದ್ದು, ಇವರು ತಪ್ಪು ಹೊತ್ತಿಗೆ ಹೋಗಿ ಬಿಸಿಲಲ್ಲಿ ನಿಂತು, ತಂಗಿ ಒಬ್ಬರೇ ಗಂಟು ಹೊತ್ತು ಬಂದು ಅಣ್ಣನಿಗೆ ಚೆನ್ನಾಗಿ ಮಂಗಳಾರತಿ ಮಾಡಿದ್ದರು.

ಯಾವ ಕಿಟಕಿಯಲ್ಲಿ ನೋಡಿದಿರಿ, ಎಡಗಡೆಯದರಲ್ಲೋ ಬಲಗಡೆಯದರಲ್ಲೋ ಎಂದು ಅಕ್ಕ ಕೇಳಿದರು. ಅವರ ದನಿ ಬದಲಾಗಿತ್ತು.

"ಎಡಗಡೆದೇ ಅಮ್ಮಾ. ಬಲಗಡೆದು ತೆರೆಯೋಷ್ಟರಲ್ಲಿ ನಾನು ಒಂದು ಕಾಲರ್ ಹೊಲಿದು ಮುಗಿಸ್ತೀನಿ."

ಅಕ್ಕ ಎಣಿಕೆಯ ಪೇಜು ತೆರೆದರು. ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಹಳೆಯ ಆವೃತ್ತಿ, ದಿನಾ ಬೆಳಿಗ್ಗೆ, ಒಬ್ಬರೇ ಒಬ್ಬರು. ಭಾನುವಾರ ಇಲ್ಲ, ಅವತ್ತು ದರ್ಜಿ ಅಂಗಡಿಗೆ ರಜೆ. ಯಜಮಾನರು ಎದ್ದು ಬಂದು ನೋಡಿ, ಅಜ್ಜ ಬಂದುಬಿಟ್ಟರು ಎಂದರು. ಯಾರು ಅಜ್ಜ, ನನಗಿನ್ನೂ ಮಕ್ಕಳ ಮದುವೆಯೇ ಆಗಿಲ್ಲ ಎಂದು ದರ್ಜಿಯವರು ಮತ್ತಷ್ಟು ಕೆಂಪಗಾದರು. ಅಕ್ಕ ಅವರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ ನೀರು ಕೊಟ್ಟರು. ಮಂಡಿನೋವು ಇದೆಯೇ ಎಂದು ನಾನು ಕೇಳಿಯೇಬಿಟ್ಟೆ. ಮೆಟ್ಟಿಲು ಹತ್ತಿದರೆ ಯಾರಿಗೆ ಇರುವುದಿಲ್ಲ ಎಂದರು.

ಯಜಮಾನರು ಅಲ್ಲಿಂದಲೇ ಬಸ್ ಕಂಪನಿಗೆ ಫೋನು ಹಚ್ಚಿದರು. ಏನು ಹೇಳಬೇಕೆಂದು ತಿಳಿಯದೆ ಫೋನನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಗಂಟಲು ಸರಿಮಾಡಿಕೊಂಡರು.

"ಒಬ್ಬರಿದ್ದಾರೆ ಸಾರ್," ಎಂದರು. "ಈ ಸಲ ನಾನಲ್ಲ."

ನಾನು ಕಿತ್ತು ಬಿಸಾಡಿದ್ದ ತೇಪೆಗಳನ್ನು ಅವತ್ತೇ ಕೂತು ಮತ್ತೆ ಹಚ್ಚಿದೆ. ಗೊಣಗದೆ ಹಚ್ಚಿದೆ ಎಂದರೆ ಯಾರೂ ನಂಬುವುದಿಲ್ಲ, ಗೊಣಗುತ್ತಲೇ ಹಚ್ಚಿದೆ. ಅಕ್ಕ ತಮ್ಮ ಹೊಸ ಕಂಪ್ಯೂಟರಿನಲ್ಲಿ ಹಳೆಯ ಬ್ರೌಸರಿಗೆ ಮತ್ತೆ ಬೇರೆ ಬೀರು ಕೊಟ್ಟು ಎಡಗಡೆ ಕೂರಿಸಿದರು. ಈ ಸಲ ಅದು ತೆರೆದರೆ ಖಾಲಿ ಪೇಜು ಬರುವ ಹಾಗೆ ಮಾಡಿದ್ದಾರೆ. ದಿನಾ ಬೆಳಿಗ್ಗೆ ಕೆಳಗೆ ಹೊಲಿಗೆ ಮಿಷನ್ನು ಸ್ವಲ್ಪ ಹೊತ್ತು ನಿಲ್ಲುತ್ತದೆ, ಟೀ ಲೋಟದ ನಡುಕವೂ ನಿಲ್ಲುತ್ತದೆ. ಅಕ್ಕ ಎಣಿಕೆಯ ಕಡೆ ನೋಡಿ, ಬಂದರು ಎನ್ನುತ್ತಾರೆ. ಆಮೇಲೆ ಸ್ಕೇಲು ತೆಗೆದುಕೊಂಡು ನನ್ನ ಪೇಜಿನ ತಪ್ಪು ಹುಡುಕಲು ಶುರು ಮಾಡುತ್ತಾರೆ.